ರೊಟ್ಟಿಗೆ ಬೆಲೆಯಿದೆ, ಬಡಿದ ಕೈಗೆ?

ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲು ಮಾರ್ಗ 1874ರದ್ದು. ಅದೇ ಹಳಿಯ ಮೇಲೆ ಕಲಬುರಗಿ ಜಿಲ್ಲೆಯ ಸೇಡಂ ದಾಟಿದರೆ ಕುರಕುಂಟಾ. ಹೊರಗಿನವರಿಗೆ ಈ ಊರಿನ ಗುರುತು ಸಿಸಿಐ, ಅಂದರೆ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಕಾರ್ಖಾನೆ. 1990ರ ದಶಕದ ಕೊನೆಗೆ ಅದು ನಿಂತುಹೋಯಿತು. ತಿಂಗಳ ಪಗಾರ ನಿಂತ ಊರಿನಲ್ಲಿ ಸಂಸಾರಕ್ಕೆ ಆಸರೆಯಾಗುವುದು ಹೆಚ್ಚಾಗಿ ತಾಯಂದಿರ ಕೈಕೆಲಸವೇ: ಹೊಲಿಗೆ ಮಷಿನ್, ಹಪ್ಪಳ, ಸಂಡಿಗೆ, ಶಾವಿಗೆ, ಖಡಕ್ ರೊಟ್ಟಿ. ಆದರೆ ಆ ದುಡಿಮೆಗೆ ಮನೆಯಲ್ಲಿ ವ್ಯಾಪಾರವೆಂಬ ಹೆಸರಿಲ್ಲ. ‘ಮನಿಗಿ ಒಂದಿಷ್ಟು ಆಸರ ಆಗ್ತದ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಆ ದುಡಿಮೆಗೆ ಹೆಸರು ಕೊಡುವ ಮಾತು ನಮ್ಮ ಕ್ರೈಸ್ತ ಸಭೆಗಳಲ್ಲೂ ಕೇಳಬೇಕು. ಕಲಬುರಗಿ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಗೆ ನೂರು ವರ್ಷ ಮೀರಿದ ಬೇರುಗಳಿವೆ. 2005ರಲ್ಲಿ ಕಥೋಲಿಕರ ಗುಲಬರ್ಗಾ ಧರ್ಮಪ್ರಾಂತ್ಯವೂ ಆಯಿತು. ಯಾವ ಸಭೆಯೇ ಆಗಲಿ, ತಾಯಂದಿರ ಕುರಿತ ಪ್ರಸಂಗಕ್ಕೆ ಬೈಬಲಿನ ಜ್ಞಾನೋಕ್ತಿ 31ನೇ ಅಧ್ಯಾಯ ಬಂದೇ ಬರುತ್ತದೆ. ನಸುಕಿಗೆ ಮುನ್ನ ಏಳುವವಳು, ರಾತ್ರಿಯಿಡೀ ದೀಪ ಆರಿಸದವಳು ಎಂದು ಆ ಗುಣವತಿಯನ್ನು ಕೊಂಡಾಡುತ್ತೇವೆ. ಅದೇ ಅಧ್ಯಾಯದಲ್ಲಿ ಆಕೆ ಹೊಲವನ್ನು ತಾನೇ ನೋಡಿ ಕೊಳ್ಳುತ್ತಾಳೆ. ತನ್ನ ದುಡಿಮೆಯಿಂದ ದ್ರಾಕ್ಷಿತೋಟ ನೆಡಿಸುತ್ತಾಳೆ, ನಾರುಮಡಿ ನೇಯ್ದು ಮಾರುತ್ತಾಳೆ, ತನ್ನ ವ್ಯಾಪಾರ ಲಾಭಕರವೆಂದು ನೋಡಿ ತಿಳಿಯುತ್ತಾಳೆ. ಆಕೆಯ ಕೈಗಳ ಫಲ ಆಕೆಗೇ ಸಲ್ಲಬೇಕೆನ್ನುವುದು ಅಧ್ಯಾಯದ ಕೊನೆಯ ವಚನ. ಬೇಗ ಏಳುವುದನ್ನು ಎತ್ತಿ ಹೇಳಿ ಲಾಭ ನೋಡುವುದನ್ನು ಬಿಟ್ಟರೆ, ಅದು ಆ ಹೆಂಗಸಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿಯೂ ಇಂಥ ಇಬ್ಬರು ಹೆಂಗಸರಿದ್ದಾರೆ. ಯೊಪ್ಪದ ದೊರ್ಕ ವಿಧವೆಯರಿಗೆ ಅಂಗಿಗಳನ್ನು ಹೊಲಿದುಕೊಟ್ಟವಳು. ಥುವತೈರದ ಲುದ್ಯ ಬೆಲೆಬಾಳುವ ಕೆನ್ನೀಲಿ ಬಟ್ಟೆ ಮಾರುತ್ತಿದ್ದವಳು. ಫಿಲಿಪ್ಪಿಯಲ್ಲಿ ಪೌಲನಿಗೆ ಬಾಗಿಲು ತೆರೆದದ್ದು ಲುದ್ಯಳ ಮನೆ. ಸೆರೆಯಿಂದ ಬಿಟ್ಟಮೇಲೆ ಪೌಲ, ಸೀಲರು ಹೋದದ್ದೂ ಅಲ್ಲಿಗೇ. ದೊರ್ಕಳ ದಾನವೂ ಬೇಕು, ಲುದ್ಯಳ ವ್ಯಾಪಾರವೂ ಬೇಕು. ಅವೆರಡನ್ನು ಬೆರೆಸಿದಾಗ ಸಣ್ಣ ದಂಧೆ ಮುಳುಗುತ್ತದೆ. ಸಭೆಯ ಅಕ್ಕನೊಬ್ಬಳು ಡಿಸೆಂಬರಿನಲ್ಲಿ ನಾಲ್ಕು ಜಂಪರ್ ಹೊಲಿಸಿಕೊಂಡು ‘ನಮ್ಮವರೇ ಅಲ್ಲ, ಆಮ್ಯಾಲೆ ಕೊಡ್ತೀನಿ’ ಎಂದರೆ, ಹೊಲಿದ ತಾಯಿ ಬಾಯಿಬಿಟ್ಟು ಕೇಳಲಾರಳು. ಆ ಉದ್ರಿ ದಾನವಲ್ಲ. ಕೊಡುವವಳು ಮನಸಾರೆ ಕೊಟ್ಟಾಗ ಮಾತ್ರ ಅದು ದಾನ.

ಈಗ ರೊಟ್ಟಿಯ ಲೆಕ್ಕಕ್ಕೆ ಬರೋಣ. ತಾಯಿಯೊಬ್ಬಳು ನೂರು ರೊಟ್ಟಿ ಬಡಿಯುತ್ತಾಳೆ ಎಂದುಕೊಳ್ಳಿ. ಜೋಳದ ದುಡ್ಡು, ಗಿರಣಿ ಕೂಲಿ, ಗ್ಯಾಸ್, ಪ್ಯಾಕೆಟ್ಟು, ಸೇಡಂಗೆ ಕಳಿಸುವ ಖರ್ಚು, ಇಷ್ಟನ್ನೂ ಕಳೆದು ಉಳಿದದ್ದನ್ನು ಲಾಭ ಎನ್ನುತ್ತಾಳೆ. ಅದು ಲಾಭವಲ್ಲ. ಮೂರು ತಾಸು ಹಂಚಿನ ಮುಂದೆ ಕೂತವಳ ಕೂಲಿ ಆ ಖರ್ಚಿನಲ್ಲಿ ಸೇರಿಲ್ಲ. ಅದೇ ಮೂರು ತಾಸು ಪರರ ಹೊಲದಲ್ಲಿ ತೊಗರಿ ಕೊಯ್ದಿದ್ದರೆ ಕೂಲಿ ಕೇಳಿ ತೆಗೆದುಕೊಳ್ಳುತ್ತಿದ್ದಳು. ಮೊದಲು ತನ್ನ ಕೂಲಿ ಬರೆದುಕೊಳ್ಳಬೇಕು, ಆಮೇಲೆ ಉಳಿದದ್ದೇ ಲಾಭ. ಏನೂ ಉಳಿಯದಿದ್ದರೆ ದರ ಏರಿಸಬೇಕು, ಇಲ್ಲವೇ ಗಿರಾಕಿಯನ್ನು ಬದಲಿಸಬೇಕು. ದಶಮಾಂಶ ತೆಗೆದಿಡುವ ತಾಯಂದಿರಿಗೂ ಈ ಲೆಕ್ಕ ಬೇಕು. ಕೈಗೆ ಬಂದ ಒಟ್ಟು ಹಣದಲ್ಲಿ ಹತ್ತರಲ್ಲೊಂದು ಭಾಗ ತೆಗೆದರೆ ನಾಳಿನ ಜೋಳದ ದುಡ್ಡೇ ಕರಗುತ್ತದೆ. ಗಳಿಕೆ ಎಷ್ಟೆಂದು ಗೊತ್ತಿದ್ದವಳು ನೆಮ್ಮದಿಯಿಂದ ಕಾಣಿಕೆ ಹಾಕುತ್ತಾಳೆ.

ರೊಟ್ಟಿಗೆ ಮಾರುಕಟ್ಟೆ ಇಲ್ಲ ಎನ್ನುವ ಮಾತು ಇನ್ನು ನಡೆಯದು. ಜಿಲ್ಲೆಯ ಮಹಿಳೆಯರು ಸಹಕಾರ ಸಂಘ ಕಟ್ಟಿ ‘ಕಲಬುರಗಿ ರೊಟ್ಟಿ’ಯನ್ನು ಬ್ರ್ಯಾಂಡ್ ಮಾಡಿದ್ದಾರೆ. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗಿ ಬೆಂಗಳೂರಿನವರೆಗೆ ಹೋಗುತ್ತಿದೆ ಎಂದು 2025ರ ಜೂನ್ 29ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೇ ಹೇಳಿದರು. ಮಕ್ಕಳಿರುವ ಮನೆಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿಯಂಥ ಸರಕು ಒಗ್ಗುವುದಕ್ಕೆ ಕಾರಣವಿದೆ. ಮಗುವಿಗೆ ಜ್ವರ ಬಂದು ಎರಡು ದಿನ ಒಲೆ ಹಚ್ಚದಿದ್ದರೂ ಮಾಡಿಟ್ಟದ್ದು ಕೆಡುವುದಿಲ್ಲ. ಶನಿವಾರ ಪ್ಯಾಕ್ ಮಾಡಿಟ್ಟರೆ ಭಾನುವಾರ ಆರಾಧನೆಗೆ ಹೋಗಬಹುದು, ಮಕ್ಕಳ ಜೊತೆ ಕೂತು ಉಣ್ಣಬಹುದು. ಭಾನುವಾರ ಆರ್ಡರ್ ತೆಗೆದುಕೊಳ್ಳುವುದಿಲ್ಲ ಎಂದು ಗಿರಾಕಿಗೆ ಮೊದಲೇ ಹೇಳಿದವಳು ಗಿರಾಕಿಯನ್ನು ಕಳೆದುಕೊಳ್ಳುವುದಕ್ಕಿಂತ ತನ್ನ ಆರೋಗ್ಯ ಉಳಿಸಿಕೊಳ್ಳುವುದೇ ಹೆಚ್ಚು.

ಕಾಗದಪತ್ರಗಳ ವಿಷಯದಲ್ಲಿ ಅಂಜಿಕೆ ಬೇಡ. ಆಹಾರ ಮಾರುವ ಸಣ್ಣ ತಯಾರಕರು ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಸಣ್ಣ ಆಹಾರ ಘಟಕಗಳಿಗಾಗಿರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ರ ಸಹಾಯಧನಕ್ಕೆ ರಾಜ್ಯ ಶೇ 15 ಸೇರಿಸಿ, ಒಟ್ಟು ಶೇ 50ರಂತೆ ಗರಿಷ್ಠ 15 ಲಕ್ಷ ರೂಪಾಯಿ ತನಕ ಕೊಡುವ ವ್ಯವಸ್ಥೆ ಮಾಡಿದೆ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಿದೆ, ಕ್ರಿಶ್ಚಿಯನ್ ಸಮುದಾಯ ಅಭಿವೃದ್ಧಿ ನಿಗಮದ ಸಾಲಗಳಿವೆ.

ಇಲ್ಲಿ ಒಂದು ಎಚ್ಚರದ ಮಾತು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿದ್ದಾರೆ, ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ 1ರಲ್ಲಿದ್ದಾರೆ. ಪರಿಶಿಷ್ಟ ಜಾತಿಯವರಿಗೆ ಮೀಸಲಾದ ಸಹಾಯಧನ ಇವರಿಗೆ ಸಿಗುವುದಿಲ್ಲ. ಬಡತನ ಒಂದೇ ಆದರೂ ಧರ್ಮದ ಕಾರಣಕ್ಕೆ ಸೌಲಭ್ಯ ತಪ್ಪುವುದು ನೋವಿನ ಸಂಗತಿ. ಹಾಗೆಂದು ಅರ್ಜಿಯಲ್ಲಿ ಸುಳ್ಳು ಬರೆದರೆ ಮುಂದೆ ತೊಂದರೆ ತಪ್ಪಿದ್ದಲ್ಲ. ಸರಿಯಾದ ಪ್ರಮಾಣಪತ್ರ ಮಾಡಿಸಿಕೊಂಡೇ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆ, ನೋಂದಣಿ, ಫೋನ್‌ಪೇ ಎಲ್ಲವೂ ದುಡಿಯುವವಳ ಹೆಸರಿನಲ್ಲಿರಲಿ.

ಕೊನೆಗೆ ಸಭೆಗಳಲ್ಲಿ ಒಂದು ವಿನಂತಿ. ವಾರಕ್ಕೊಂದು ಮಧ್ಯಾಹ್ನ ಚರ್ಚಿನ ಸಭಾಂಗಣವನ್ನು ತಾಯಂದಿರ ಪ್ಯಾಕಿಂಗ್ ಕೆಲಸಕ್ಕೂ ಲೆಕ್ಕ ಕಲಿಸುವುದಕ್ಕೂ ಬಿಟ್ಟುಕೊಡಿ. ಸಭಾಪಾಲಕರು ಜ್ಞಾನೋಕ್ತಿ 31ನ್ನು ಕೊನೆಯ ವಚನದವರೆಗೂ ಬೋಧಿಸಲಿ. ಈ ಕ್ರಿಸ್‌ಮಸ್ಸಿಗೆ ಕರ್ಚಿಕಾಯಿಯನ್ನೋ ಹೊಸ ಜಂಪರನ್ನೋ ನಿಮ್ಮ ಸಭೆಯ ಅಕ್ಕನಿಂದ ತರಿಸುವವರು ಅಂದೇ, ಪೂರ್ತಿ ದುಡ್ಡು ಕೊಟ್ಟು ಒಯ್ಯಿರಿ.