ಗೃಹನಿರ್ಮಾಣ ಮತ್ತು ವಿದ್ಯುತ್ ಜೋಡಣೆ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ದೀಪಗಳಿಗೂ ಹರಿಯಿತು. ಇಂದು ಅದು ಹಳ್ಳಿಯ ಮನೆಗಳಲ್ಲಿಯೂ ಊಳಿಗ ಮಾಡುತ್ತಿದೆ. ಆದರೆ ಅದನ್ನು ಮನೆದುಂಬಿಸಿಕೊಳ್ಳುವ ಕ್ರಮವನ್ನರಿತವರು ವಿರಳ.

ಸ್ವಂತ ಮನೆ ಕಟ್ಟಿಸಿದ ದಂಪತಿಗಳ ಅನುಭವವೊಂದು ಇಲ್ಲಿ ಬೋಧಪ್ರದವಾಗಿದೆ. ಗೋಡೆಗೆ ಗಿಲಾವು ಮಾಡುವ ಮುನ್ನವೇ ಅವರು ತಂತಿಯ ಕೊಳವೆಗಳನ್ನು ಹುದುಗಿಸಿದರು. ದೀಪಗಳಿಗೆ 1.5, ಪ್ಲಗ್ಗುಗಳಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಎಳೆಸಿದರು. ಹೊರೆಗೆ ತಕ್ಕ ದಪ್ಪವಿಲ್ಲದ ತಂತಿಯು ಕಾದು, ಹೊದಿಕೆ ಕರಗಿ, ಬೆಂಕಿಗೆ ಕಾರಣವಾಗುವುದು.

ಹಣ ತೀರುತ್ತ ಬಂದಾಗ ಅರ್ಥಿಂಗನ್ನು ಮುಂದೂಡೋಣವೆಂದರು ಯಜಮಾನರು. ಗೃಹಿಣಿ ಒಪ್ಪಲಿಲ್ಲ. “ತಲೆಬಾಗಿಲಿನ ಕೆತ್ತನೆ ಮುಂದಿನ ವರ್ಷವಾದರೂ ಆದೀತು. ಒದ್ದೆ ಕೈಯಿಂದ ನಲ್ಲಿ ಮುಟ್ಟುವ ಮಗು ಅಲ್ಲಿಯವರೆಗೆ ಕಾದೀತೇನ್ರಿ?” ಎಂದರು.

ಅವರ ಮಾತು ಯುಕ್ತವೇ ಆಗಿತ್ತು. ಗೀಸರಿನೊಳಗಿನ ತಂತಿಯು ಲೋಹದ ಕವಚಕ್ಕೆ ತಾಗಿದರೆ 230 ವೋಲ್ಟು ಅಲ್ಲಿ ಹೊಂಚು ಹಾಕಿ ನಿಲ್ಲುವುದು. ಭೂಸಂಪರ್ಕವಿದ್ದರೆ ಪ್ರವಾಹವು ನೆಲಕ್ಕಿಳಿಯುವುದು; ಇಲ್ಲದಿದ್ದರೆ ಮುಟ್ಟಿದವರ ದೇಹವೇ ಅದಕ್ಕೆ ದಾರಿಯಾಗುವುದು. ಫ್ಯೂಸು ಕಾಯುವುದು ತಂತಿಯನ್ನೇ ಹೊರತು ಮನುಷ್ಯನನ್ನಲ್ಲ. ಆದುದರಿಂದ 30 ಮಿಲಿಆಂಪಿಯರ್ ಸೋರಿಕೆಯಾದೊಡನೆ ಪ್ರವಾಹವನ್ನು ಕಡಿಯುವ ಸ್ವಿಚ್ಚೂ ಅವಶ್ಯ.

ಕೆತ್ತನೆ ನಿಂತಿತು. ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪುಗಳ ನಡುವೆ ಅರ್ಥಿಂಗ್ ಕೊಳವೆಯನ್ನು ನೆಡಿಸಿದರು, ಸ್ವಿಚ್ಚನ್ನೂ ಅಳವಡಿಸಿದರು.

ಕೆಲವು ತಿಂಗಳ ಬಳಿಕ ಒಂದು ಮುಂಜಾವು ಗೀಸರು ಕೆಟ್ಟಿತು. ಸ್ವಿಚ್ಚು ತಾನಾಗಿಯೇ ಬಿದ್ದಿತು. ನೀರು ತಣ್ಣಗಿದೆಯೆಂದು ಮಗು ಅತ್ತಿತು. ಆ ಮನೆಗೆ ಒದಗಿದ ಕಷ್ಟ ಅಷ್ಟೇ. ಕಣ್ಣಿಗೆ ಕಾಣದ ಕೆಲಸವನ್ನೂ ಶ್ರದ್ಧೆಯಿಂದ ಮಾಡಿಸುವುದೇ ಗೃಹಸ್ಥರ ಕಾಯಕ.