ಮುಯ್ಯಾಳು ಓದುಗರು
ಇಂದು ನಿಮ್ಮ ಗದ್ದೆಯಲ್ಲಿ ನಾನು, ನಾಳೆ ನನ್ನದರಲ್ಲಿ ನೀವು ಎಂಬ ಮುಯ್ಯಾಳಿನ ಪದ್ಧತಿ ನಮ್ಮಲ್ಲುಂಟು. ಜಾಲತಾಣಗಳವರು ಓದುಗರಿಗಾಗಿ ಮಾಡಿಕೊಂಡ ವಿನಿಮಯವೂ ಇದೇ ಬಗೆಯದು. 1996ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲಿಂಕ್‌ಎಕ್ಸ್‌ಚೇಂಜ್ ಸಂಸ್ಥೆಯ ಸದಸ್ಯನು ತನ್ನ ತಾಣದಲ್ಲಿ ಪರರ ಜಾಹೀರಾತನ್ನು ಎರಡು ಸಲ ತೋರಿದರೆ, ಅವನದು ಬೇರೆಡೆ ಒಂದು ಸಲ ಕಾಣುತ್ತಿತ್ತು. ಮಿಕ್ಕ ಅರ್ಧವನ್ನು ಸಂಸ್ಥೆ ಹಣಕ್ಕೆ ಮಾರಿಕೊಂಡಿತು. 1998ರಲ್ಲಿ ಮೈಕ್ರೋಸಾಫ್ಟ್ ಅದನ್ನು ಸುಮಾರು 26.5 ಕೋಟಿ ಡಾಲರಿಗೆ ಕೊಂಡಿತೆಂದರೆ, ಆ ಅರ್ಧದ ಬೆಲೆಯನ್ನು ನೀವೇ ಊಹಿಸಬಹುದು! ಆದರೂ ಕೈಯಲ್ಲಿ ಕಾಸಿಲ್ಲದ ಬರಹಗಾರನ ಹೆಸರು ನಾಲ್ಕು ಕಡೆ ಕಾಣುವುದು ಸಣ್ಣ ಲಾಭವಲ್ಲ.

ಮುಂದೆ ಬಂದ ವಿನಿಮಯಗಳಲ್ಲಿ ಪರರ ಪುಟವನ್ನು ಇಂತಿಷ್ಟು ಸೆಕೆಂಡು ತೆರೆದಿಟ್ಟರೆ ಸಾಕು, ಅಂಕ ದೊರೆಯುತ್ತದೆ. ಇಲ್ಲಿಯೇ ನನ್ನ ತಕರಾರು. ಅಂಕಕ್ಕಾಗಿ ಬಂದವನ ಕಣ್ಣು ಗಡಿಯಾರದ ಮೇಲಿರುತ್ತದೆಯೇ ಹೊರತು ಬರಹದ ಮೇಲಲ್ಲ. ಭೇಟಿಗಳ ಎಣಿಕೆಯೇನೋ ಏರುತ್ತದೆ. ಬರೆದವನು ಅದನ್ನೇ ಓದುಗರೆಂದು ನಂಬಿ ಕೂರುತ್ತಾನೆ. ಸಾಲದುದಕ್ಕೆ, ಗೂಗಲ್‌ನ ಆಡ್‌ಸೆನ್ಸ್ ಇಂಥ ಭೇಟಿಗಳನ್ನು ನಿಷೇಧಿಸಿರುವುದರಿಂದ ಅವನ ಜಾಹೀರಾತಿನ ಚಿಲ್ಲರೆ ಆದಾಯಕ್ಕೂ ಕುತ್ತು ಬರಬಹುದು.