ಹಳೇ ಗೋಡೆಗೆ ಯಾವ ಗಾರೆ?

ತಿರುಮಕೂಡಲಿನಲ್ಲಿ ಕಪಿಲೆಯನ್ನು, ಅಂದರೆ ಕಬಿನಿಯನ್ನು ಸೇರಿಸಿಕೊಂಡ ಕಾವೇರಿ, ತಲಕಾಡಿನ ಮಗ್ಗುಲಲ್ಲಿ ಹೊರಳಿ ಕೊಳ್ಳೇಗಾಲ ತಾಲ್ಲೂಕಿಗೆ ಬರುವಾಗ ಎರಡು ಹೊಳೆಗಳ ನೀರನ್ನು ಹೊತ್ತಿರುತ್ತದೆ. ಕೆಆರ್‌ಎಸ್ ಮತ್ತು ಕಬಿನಿ ಜಲಾಶಯಗಳೆರಡೂ ಒಟ್ಟಿಗೆ ತುಂಬಿ ಗೇಟು ಎತ್ತಿದ ವರ್ಷ ಮುಳ್ಳೂರು, ದಾಸನಪುರ, ಹಂಪಾಪುರ, ಹರಳೆ, ಹಳೇ ಅಣಗಳ್ಳಿಯ ಜನಕ್ಕೆ ನಿದ್ದೆಯಿಲ್ಲ. 2018, 2019, 2024ರಲ್ಲಿ ಹಾಗೇ ಆಯಿತು. ಪತ್ರಿಕೆಗಳಲ್ಲಿ ಮುಳುಗಿದ ಗದ್ದೆ, ದೋಣಿ, ಕಾಳಜಿ ಕೇಂದ್ರದ ಚಿತ್ರಗಳು ಬಂದವು. ನೀರು ಇಳಿದ ಮೇಲೆ ಮನೆಯ ಗೋಡೆಯೊಳಗೆ ನಡೆಯುವುದು ಮಾತ್ರ ಯಾವ ಚಿತ್ರದಲ್ಲೂ ಕಾಣುವುದಿಲ್ಲ. ಅದನ್ನು ಕಾಣಬಲ್ಲವರು ಹಳೇ ಗಾರೆ ಕೆಲಸದವರು. ಈ ಲೇಖನ ಅವರ ಕಸುಬಿನ ಪರಿಚಯ.

ಈ ಸೀಮೆಯ ಹಳೇ ಮನೆ ಎಂದರೆ ಕಾಡುಕಲ್ಲಿನ ಪಾಯ, ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಅಥವಾ ಮಣ್ಣಿನಲ್ಲೇ ಕೂರಿಸಿದ ಇಟ್ಟಿಗೆ, ಮೈಗೆ ಸುಣ್ಣದ ಗಾರೆ, ತಲೆಗೆ ನಾಡಹೆಂಚು ಅಥವಾ ಮಂಗಳೂರು ಹೆಂಚು. ಸ್ವಲ್ಪ ಅನುಕೂಲಸ್ಥರದಾದರೆ ನಡುವೆ ತೊಟ್ಟಿ, ಮುಂದೆ ಜಗಲಿ, ಒಳಗೆ ಕೆಂಪು ಗಾರೆಯ ನೆಲ. ಇಂಥ ಮನೆಯ ಪಾಯದಲ್ಲಿ ತೇವ ತಡೆಯುವ ಪದರವೇ ಇರುವುದಿಲ್ಲ. ನೆಲದ ನೀರು ಗೋಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ, ಮೃದುವಾದ ಸುಣ್ಣದ ಮೈಯಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಏರುವುದೂ ಆರುವುದೂ ಸರಿಸಮವಾಗಿದ್ದಷ್ಟು ಕಾಲ ಗೋಡೆ ನಿಲ್ಲುತ್ತದೆ. ಈ ಲೆಕ್ಕದ ಮೇಲೆಯೇ ಹಿಂದಿನವರು ಮನೆ ಕಟ್ಟಿದ್ದು, ವರ್ಷಕ್ಕೊಮ್ಮೆ ಹಬ್ಬಕ್ಕೆ ಸುಣ್ಣ ಬಳಿದದ್ದು.

ಆಮೇಲೆ ಸಿಮೆಂಟ್ ಬಂತು. ಗೋಡೆಯ ಬುಡದಲ್ಲಿ ಶೀತ ಹಿಡಿದು ಸುಣ್ಣ ಉದುರಿತು ಎಂದ ಕೂಡಲೇ ಮೂರಡಿ ಎತ್ತರಕ್ಕೆ ಸಿಮೆಂಟ್ ಗಾರೆ ಹಾಕಿಸುವುದು ಊರೂರಿನ ರೂಢಿಯಾಯಿತು. ಒಂದು ವರ್ಷ ಗೋಡೆ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಸಿಮೆಂಟ್ ಗಟ್ಟಿ, ನೀರಿನ ಆವಿಯನ್ನು ಸುಲಭಕ್ಕೆ ಬಿಡುವುದಿಲ್ಲ. ದಾರಿ ಮುಚ್ಚಿದ ತೇವ ಅದರ ಹಿಂದೆಯೇ ಮೇಲೇರಿ ನಾಲ್ಕನೇ ಅಡಿಯಲ್ಲಿ ಹೊರಗೆ ಬರುತ್ತದೆ. ನೀರಿನ ಜೊತೆ ಬಂದ ಉಪ್ಪು ಅಲ್ಲಿ ಹರಳುಗಟ್ಟುತ್ತದೆ, ಗೋಡೆ ಸವುಳು ಹಿಡಿಯುತ್ತದೆ. ಮನೆಯವರು ಇನ್ನೆರಡು ಅಡಿ ಸಿಮೆಂಟ್ ಏರಿಸುತ್ತಾರೆ, ತೇವವೂ ಏರುತ್ತದೆ. ಒಳಗೆ ಹಳೇ ಕೆಂಪು ನೆಲದ ಮೇಲೆ ನುಣುಪು ಟೈಲ್ಸ್ ಕೂರಿಸಿದರಂತೂ ನೆಲದಿಂದ ಆರುತ್ತಿದ್ದ ತೇವಕ್ಕೂ ಗೋಡೆಯೊಂದೇ ದಾರಿ. ಇಂಥ ಮನೆಗೆ ಹೊಳೆಯ ನೀರು ನುಗ್ಗಿ ಎರಡು ದಿನ ನಿಂತರೆ ಸಿಮೆಂಟಿನ ಹಿಂದಿನ ಮಣ್ಣು ಕೆಸರಾಗುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಪ್ರವಾಹ ಇಳಿದು, ಬಿಸಿಲು ಬಂದು, ಜನ ಮನೆಗೆ ಮರಳಿದ ಮೇಲೆ ಗೋಡೆ ಕುಸಿಯುವುದುಂಟು. ನನ್ನನ್ನು ಈ ವಿಷಯ ಕಾಡುವುದು ಇದೇ ಕಾರಣಕ್ಕೆ.

ನುರಿತ ಮೇಸ್ತ್ರಿ ಇಂಥ ಗೋಡೆಯ ಮುಂದೆ ನಿಂತಾಗ ಮಾಡುವ ಮೊದಲ ಕೆಲಸ ಬೆರಳ ಗಿಣ್ಣಿನಿಂದ ತಟ್ಟುವುದು. ಗಾರೆ ಗೋಡೆಯನ್ನು ಬಿಟ್ಟಿದ್ದರೆ ಸದ್ದು ಪೊಳ್ಳಾಗಿ ಕೇಳುತ್ತದೆ. ಆಮೇಲೆ ಕರಣೆಯ ತುದಿಯಿಂದ ಅಂಗೈಯಗಲ ಸಿಮೆಂಟ್ ಎಬ್ಬಿಸಿ, ಹಿಂದಿನ ಮಣ್ಣನ್ನು ಚಿಟಿಕೆ ತೆಗೆದು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. ಉಂಡೆ ಕಟ್ಟಿತೆಂದರೆ ಒಳಗೆ ಇನ್ನೂ ನೀರಿದೆ. ಅಂಥ ಗೋಡೆಗೆ ಯಾವ ಗಾರೆಯನ್ನೂ ಹಚ್ಚಬಾರದು. ಸಿಮೆಂಟನ್ನು ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಕಿತ್ತು, ಗೋಡೆಯನ್ನು ಬರಿಮೈಯಲ್ಲಿ ಆರಲು ಬಿಡಬೇಕು. ಎಷ್ಟು ದಿನ? ದಪ್ಪ ಗೋಡೆ ಇಂಚಿಗೊಂದು ತಿಂಗಳಂತೆ ಆರುತ್ತದೆ ಎಂಬ ಅಂದಾಜು ಬ್ರಿಟನ್ನಿನ ಹಳೇ ಕಟ್ಟಡಗಳ ದುರಸ್ತಿಗಾರರಲ್ಲಿ ಬಳಕೆಯಲ್ಲಿದೆ. ನಮ್ಮ ಬಿಸಿಲಿಗೆ ಅಷ್ಟು ಬೇಡ, ಆದರೂ ತಿಂಗಳುಗಳ ಮಾತೇ ಹೊರತು ವಾರಗಳದಲ್ಲ.

ಇನ್ನು ಸುಣ್ಣದ ಕೆಲಸ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು; ಸಿಡಿದರೆ ಕಣ್ಣೇ ಹೋದೀತು. ಕುದಿ ಇಳಿದ ಮೇಲೆ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡುತ್ತಾರೆ. ಎರಡು ವಾರ ಕನಿಷ್ಠ, ತಿಂಗಳುಗಟ್ಟಲೆ ಇಟ್ಟಷ್ಟೂ ಒಳ್ಳೆಯದು. ಚೆನ್ನಾಗಿ ನೆನೆದ ಸುಣ್ಣ ಕರಣೆಗೆ ಬೆಣ್ಣೆಯ ಹಾಗೆ ಅಂಟುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಮರಳು ಬೆರೆಸಿ, ಹಿಂದೆ ಎತ್ತು ಕಟ್ಟಿದ ಗಾರೆ ಗಾಣದಲ್ಲಿ ಅರೆಯುತ್ತಿದ್ದರು. ಹಳೇ ದೇವಸ್ಥಾನಗಳ ಬಳಿ ದುಂಡಗೆ ತೋಡಿದ ಹಳ್ಳ, ಅದರೊಳಗೆ ಉರುಳುತ್ತಿದ್ದ ಕಲ್ಲಿನ ಚಕ್ರ ಈಗಲೂ ಅಲ್ಲಲ್ಲಿ ಕಾಣಸಿಗುತ್ತವೆ.

ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಿಂದ. ಸುಡುವಾಗ ಕಳೆದುಕೊಂಡ ಇಂಗಾಲದ ಡೈಆಕ್ಸೈಡನ್ನೇ ಅದು ಗಾಳಿಯಿಂದ ಮರಳಿ ಪಡೆದು, ಮೈಯಿಂದ ಒಳಕ್ಕೆ ನಿಧಾನವಾಗಿ ಕಲ್ಲಾಗುತ್ತದೆ. ಆದ್ದರಿಂದಲೇ ಒಮ್ಮೆಗೇ ದಪ್ಪಗೆ ಬಳಿಯುವಂತಿಲ್ಲ. ಅರ್ಧ ಇಂಚಿನ ಪದರ ಹಚ್ಚಿ, ಬಿಸಿಲು ಬೀಳದಂತೆ ಗೋಣಿತಾಟು ಇಳಿಬಿಟ್ಟು, ನೀರು ಚಿಮುಕಿಸುತ್ತ ಕಾದು, ಆಮೇಲೆ ಎರಡನೆಯ ಪದರ. ಅವಸರದವರಿಗೆ ಈ ಕೆಲಸ ಒಗ್ಗುವುದಿಲ್ಲ.

ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುವುದು ದಕ್ಷಿಣದ ಹಳೇ ಪದ್ಧತಿ. ಅಳಲೆಕಾಯಿಯನ್ನು ಜಜ್ಜಿ, ಬೆಲ್ಲದ ಜೊತೆ ದಿನಗಟ್ಟಲೆ ನೆನೆಹಾಕಿ, ಹುಳಿಬಂದ ನೀರನ್ನು ಗಾರೆಗೆ ಕಲಸುತ್ತಾರೆ. ಗಾರೆ ನುಣ್ಣಗೆ ಹರಡುತ್ತದೆ, ಬೇಗ ಬಿರುಕು ಬಿಡುವುದಿಲ್ಲ, ಮಳೆಗೂ ತಡೆಯುತ್ತದೆ. ಪುರಾತತ್ವ ಇಲಾಖೆ ಸ್ಮಾರಕಗಳ ದುರಸ್ತಿಯಲ್ಲಿ ಇದನ್ನು ಇಂದಿಗೂ ಬಳಸುತ್ತದೆ. ಮುಳ್ಳೂರಿನವರು ಅಳಲೆಕಾಯಿಗೆ ದೂರ ಹೋಗಬೇಕಿಲ್ಲ. ಯಳಂದೂರಿನಾಚೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ತಲೆಮಾರುಗಳಿಂದ ಜೇನು, ನೆಲ್ಲಿ, ಸೀಗೆಯ ಜೊತೆ ಆಯುತ್ತ ಬಂದ ಕಾಯಿಯೇ ಅದು. ಗಾರೆ ಕೆಲಸ ಮತ್ತೆ ಚಿಗುರಿದರೆ ಆ ಕಾಯಿಗೂ ಹತ್ತಿರದಲ್ಲೇ ಒಂದು ಗಿರಾಕಿ ಸಿಕ್ಕೀತು.

ಸುಣ್ಣ ಬಲಹೀನ, ನೀರಿಗೆ ನಿಲ್ಲದು ಎನ್ನುವವರಿಗೆ ಇದೇ ಕಾವೇರಿಯ ಮೇಲಿನ ಕನ್ನಂಬಾಡಿ ಕಟ್ಟೆಯನ್ನು, ಅಂದರೆ ಕೆಆರ್‌ಎಸ್ ಅನ್ನು ತೋರಿಸಬೇಕು. 1911ರಲ್ಲಿ ಶುರುವಾಗಿ ಮೂವತ್ತರ ದಶಕದ ಆರಂಭದಲ್ಲಿ ಮುಗಿದ ಆ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ್ದು. ಇಟ್ಟಿಗೆ ಪುಡಿ ಸುಣ್ಣದೊಡನೆ ಕೂಡಿದಾಗ ಗಾರೆ ನೀರಿನಡಿಯಲ್ಲೂ ಗಟ್ಟಿಯಾಗುವ ಗುಣ ಪಡೆಯುತ್ತದೆ. ಹೊಳೆದಂಡೆಯ ಮನೆಯ ಗೋಡೆಬುಡಕ್ಕೆ ನನ್ನ ಮಟ್ಟಿಗೆ ಸುರ್ಕಿಯೇ ಸರಿಯಾದ ಗಾರೆ.

ಹಾಗೆಂದು ಕಾಂಕ್ರೀಟನ್ನೇ ಹಳೇ ಮನೆಯಿಂದ ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಪ್ರವಾಹದ ನೀರು ಪಾಯದ ಮಣ್ಣನ್ನು ಕೊರೆದು ಗೋಡೆ ಒಂದು ಕಡೆ ಕುಸಿದಾಗ ಅದನ್ನು ಎತ್ತಿಹಿಡಿಯಲು ಕಾಂಕ್ರೀಟೇ ಬೇಕು. ಆ ಕೆಲಸದಲ್ಲೂ ಒಂದು ಕ್ರಮವಿದೆ. ಗೋಡೆಯಡಿ ಉದ್ದಕ್ಕೂ ಒಮ್ಮೆಲೇ ಅಗೆಯಬಾರದು. ಮೂರರಿಂದ ನಾಲ್ಕಡಿಯ ತುಂಡುಗಳಾಗಿ ಗುರುತು ಹಾಕಿ, ಒಂದು ಬಿಟ್ಟು ಒಂದು ತುಂಡನ್ನು ಅಗೆದು ಕಾಂಕ್ರೀಟ್ ತುಂಬಬೇಕು. ಅದು ಬಲ ಪಡೆದ ಮೇಲೆ ನಡುವಿನ ತುಂಡುಗಳ ಸರದಿ. ಅಷ್ಟು ಹೊತ್ತೂ ಗೋಡೆ ಉಳಿದ ನೆಲದ ಮೇಲೆ ನಿಂತಿರುತ್ತದೆ.

ಹೆಚ್ಚು ಅನಾಹುತ ಆಗುವುದು ತಲೆಯ ಮೇಲೆ. ಹೆಂಚು ಇಳಿಸಿ ಅದೇ ಮಣ್ಣಿನ ಗೋಡೆಯ ಮೇಲೆ ಮೋಲ್ಡ್, ಅಂದರೆ ಆರ್‌ಸಿಸಿ ಚಾವಣಿ ಹಾಕಿಸುವ ಆಸೆ ಅನೇಕರದು. ಲೆಕ್ಕ ನೋಡಿ. ಮಂಗಳೂರು ಹೆಂಚಿನ ಮಾಡು ಪಟ್ಟಿಗಳ ಸಮೇತ ಚದರ ಮೀಟರಿಗೆ ಸುಮಾರು 65 ಕಿಲೋ ಎನ್ನುತ್ತದೆ ಭಾರತೀಯ ಮಾನಕ. ಐದಿಂಚಿನ ಆರ್‌ಸಿಸಿ ಚಪ್ಪಡಿ 300 ಕಿಲೋ ದಾಟುತ್ತದೆ. ಹತ್ತಕ್ಕೆ ಹನ್ನೆರಡಡಿಯ ಒಂದು ಕೋಣೆಗೆ ಮುಕ್ಕಾಲು ಟನ್ನಿನ ಜಾಗದಲ್ಲಿ ಮೂರೂವರೆ ಟನ್! ನೆನೆದರೆ ಮೆತ್ತಗಾಗುವ ಗೋಡೆಯ ಮೇಲೆ ಅಷ್ಟು ಭಾರ ಹೇರುವುದು ಅಪಾಯ. ಮೋಲ್ಡ್ ಬೇಕೇ ಬೇಕೆಂದರೆ ಅದಕ್ಕೆ ಬೇರೆ ಪಾಯ, ಬೇರೆ ಕಂಬ ಇರಬೇಕು. ಹಳೇ ಗೋಡೆ ಮರೆಗೆ ಮಾತ್ರ.

ಕಾಂಕ್ರೀಟಿಗೆ ನೀರು ಎಷ್ಟು, ಯಾವಾಗ ಎಂಬುದರಲ್ಲಿ ಅರ್ಧ ಕಸುಬಿದೆ. ಮನೆಕಟ್ಟಡದ ಸಾಮಾನ್ಯ ಎಂ-20 ಮಿಶ್ರಣದಲ್ಲಿ 50 ಕಿಲೋ ಸಿಮೆಂಟ್ ಚೀಲಕ್ಕೆ ಹೆಚ್ಚೆಂದರೆ 30 ಲೀಟರ್ ನೀರು ಎಂದು ಕಾಂಕ್ರೀಟ್ ಕೆಲಸದ ಐಎಸ್ 456 ಸಂಹಿತೆ ಹೇಳುತ್ತದೆ. ಸುರಿಯಲು ಹಗುರವಾಗಲಿ ಎಂದು ಇನ್ನೊಂದು ಕೊಡ ಸೇರಿಸಿದರೆ, ಆ ಹೆಚ್ಚಿನ ನೀರು ಆರಿಹೋದ ಜಾಗವೆಲ್ಲ ರಂಧ್ರ. ಅಲ್ಲಿಂದ ತೇವ ಇಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಹೊಪ್ಪಳೆದ್ದು ಬೀಳುತ್ತದೆ. ಮೂವತ್ತು ವರ್ಷ ಹಳೆಯ ಸಜ್ಜಾಗಳ ಅಡಿಯಲ್ಲಿ ಕಂಬಿ ಕಾಣುವುದು ಹೀಗೆ. ಕಲಸುವಾಗ ಜಿಪುಣತನ ಮಾಡಿದ ನೀರನ್ನು ಆಮೇಲೆ ಧಾರಾಳವಾಗಿ ಕೊಡಬೇಕು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಪಿಪಿಸಿಗೆ 10 ದಿನ.

ಚಳಿಯ ಮಾತೂ ಇಲ್ಲೇ ಬರುತ್ತದೆ. ಅದೇ ಸಂಹಿತೆ ನಾಲ್ಕೂವರೆ ಮೀಟರಿನೊಳಗಿನ ಚಪ್ಪಡಿಯ ಆಸರೆಗಳನ್ನು 7 ದಿನಕ್ಕೆ, ಅದಕ್ಕೂ ಅಗಲವಾದದ್ದರದನ್ನು 14 ದಿನಕ್ಕೆ ಬಿಚ್ಚಬಹುದು ಎನ್ನುತ್ತದೆ. ಆದರೆ ಈ ಲೆಕ್ಕ ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಮಾತ್ರ. ಮುಳ್ಳೂರಿನಲ್ಲಿ ಬಹುಪಾಲು ದಿನ ಇದು ಸರಿ. ಬಿಳಿಗಿರಿರಂಗನ ಬೆಟ್ಟದ ಮೇಲೆ ಧನುರ್ಮಾಸದ ರಾತ್ರಿಗಳಲ್ಲಿ ಸರಿಯಲ್ಲ. ಕೊಳ್ಳೇಗಾಲದ ಲೆಕ್ಕದಲ್ಲಿ ಬೆಟ್ಟದಲ್ಲಿ ಸೆಂಟ್ರಿಂಗ್ ಬಿಚ್ಚಿದರೆ ಚಪ್ಪಡಿ ಬಾಗೀತು. ಚಳಿಯಲ್ಲಿ ಸಿಮೆಂಟ್ ಮತ್ತು ನೀರಿನ ಕೂಡುವಿಕೆಯೇ ನಿಧಾನ. 5 ಡಿಗ್ರಿಗಿಂತ ಕೆಳಗೆ ಹೋದರೆ ಪ್ರತ್ಯೇಕ ನಿಯಮಗಳೇ ಇವೆ.

ಅಂಥ ಚಳಿಯನ್ನು ಪ್ರತಿ ಚಳಿಗಾಲ ಕಾಣುವವರು ಟೊರಾಂಟೊ, ಮಿನಿಯಾಪೊಲಿಸ್ ಕಡೆ ಹಳೇ ಇಟ್ಟಿಗೆ ಮನೆ ಕೊಂಡ ನಮ್ಮವರು. ಅಲ್ಲಿ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗಿ ಮೆಟ್ಟಿಲು, ಅಂಗಳದ ಕಾಂಕ್ರೀಟನ್ನು ಪದರ ಪದರವಾಗಿ ಸೀಳುತ್ತದೆ. ಅದಕ್ಕೇ ಹೊರಗಿನ ಕಾಂಕ್ರೀಟಿನೊಳಗೆ ಬೇಕೆಂದೇ ಸೂಕ್ಷ್ಮ ಗಾಳಿಗುಳ್ಳೆಗಳನ್ನು ಬೆರೆಸುತ್ತಾರೆ. ದಕ್ಷಿಣ ಒಂಟಾರಿಯೊದಲ್ಲಿ ಪಾಯವನ್ನು ನಾಲ್ಕಡಿಯಷ್ಟು ಆಳಕ್ಕೆ, ನೆಲ ಹೆಪ್ಪುಗಟ್ಟದ ಮಟ್ಟಕ್ಕೆ ಇಳಿಸುತ್ತಾರೆ. ಅಷ್ಟು ದೂರದ ಊರಿನಲ್ಲೂ ಹಳೇ ಗೋಡೆಯ ನಿಯಮ ಮಾತ್ರ ಮುಳ್ಳೂರಿನದೇ. ಹಳೇ ಇಟ್ಟಿಗೆಯ ಸಂದಿಗೆ ತುಂಬುವ ಗಾರೆ ಇಟ್ಟಿಗೆಗಿಂತ ಮೃದುವಾಗಿರಬೇಕು ಎಂದು ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ದುರಸ್ತಿ ಕೈಪಿಡಿ ಹೇಳುತ್ತದೆ. ಗಟ್ಟಿ ಸಿಮೆಂಟ್ ತುಂಬಿದರೆ ತೇವ ಇಟ್ಟಿಗೆಯೊಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖವೇ ಕಳಚಿ ಬೀಳುತ್ತದೆ.

ಈ ತಿಳಿವಳಿಕೆ ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣು, ಸುಣ್ಣ, ಕಡಿಮೆ ಸಿಮೆಂಟಿನ ಒತ್ತಿಟ್ಟಿಗೆಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಬಿದ್ದ ಗೋಡೆಯನ್ನು ಹೊಸದಾಗಿ ಎಬ್ಬಿಸುವವರಿಗೆ ಆ ಇಟ್ಟಿಗೆ ಇಂದಿಗೂ ಒಳ್ಳೆಯ ಆಯ್ಕೆ. ಇತ್ತ ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದೊಂದು ಭಾಗ ಕುಸಿದಾಗ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ದೊಡ್ಡ ಕಟ್ಟಡಗಳಿಗೆ ತಜ್ಞರ ಸಮಿತಿಗಳಾದರೂ ಬರುತ್ತವೆ. ಹೊಳೆದಂಡೆಯ ಬಡವರ ಮನೆಗೆ ಬರುವುದು ಊರ ಮೇಸ್ತ್ರಿ ಒಬ್ಬನೇ, ಅವನಿಗೆ ಸುಣ್ಣದ ಕೆಲಸ ಕಲಿಸುವ ಕಡೆ ಯಾರ ಲಕ್ಷ್ಯವೂ ಸಾಲದು. ನೆರೆಯಲ್ಲಿ ಮನೆ ಪೂರ್ತಿ ಬಿದ್ದರೆ 2019ರಲ್ಲಿ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು, ಒಳ್ಳೆಯದೇ. ಬೀಳದ ಹಾಗೆ ಗೋಡೆ ಕಾಯುವ ಕೈಗಳಿಗೆ ತರಬೇತಿ ಕೊಡಲು ಅದರ ಒಂದು ಚೂರು ಸಾಕಿತ್ತು.

ಸುಣ್ಣದ ಗಾರೆ ಬಲ್ಲ ಹಿರಿಯ ಮೇಸ್ತ್ರಿಗಳನ್ನು ಈಗ ಹುಡುಕಬೇಕಾಗಿದೆ. ಅವರ ಮಕ್ಕಳು ಸೆಂಟ್ರಿಂಗ್, ಟೈಲ್ಸ್ ಕೆಲಸ ಹಿಡಿದು ಬೆಂಗಳೂರು, ಮೈಸೂರು ಸೇರುತ್ತಿದ್ದಾರೆ. ದಿನಗೂಲಿ ಅಲ್ಲಿ ಹೆಚ್ಚು, ಕಾಯುವ ಕೆಲಸ ಕಡಿಮೆ, ಅವರನ್ನು ದೂರುವಂತಿಲ್ಲ. ಹಳೇ ಮನೆಯ ಯಜಮಾನರು ಕೇಳಿ ಮಾಡಿಸಿದರೆ ಮಾತ್ರ ಕಸುಬು ಉಳಿಯುತ್ತದೆ. ಕೇಳುವುದಕ್ಕೂ ಕಾಲವಿದೆ. ಶ್ರಾವಣದಲ್ಲಿ ನೆನೆದ ಗೋಡೆಯ ಸಿಮೆಂಟನ್ನು ನೀರು ಇಳಿದ ಕೂಡಲೇ ಕಿತ್ತು ಬಿಡಬೇಕು. ದೀಪಾವಳಿ ಕಳೆದು ಸುಣ್ಣ ನೆನೆಹಾಕಿದರೆ ಸಂಕ್ರಾಂತಿಯ ಹೊತ್ತಿಗೆ ಸುಣ್ಣವೂ ಹದವಾಗಿರುತ್ತದೆ, ಗೋಡೆಯೂ ಬಹುಮಟ್ಟಿಗೆ ಆರಿರುತ್ತದೆ. ಶಿವರಾತ್ರಿಗೆ ಮುಂಚೆ ಮೊದಲ ಪದರ, ಯುಗಾದಿಗೆ ಎರಡನೆಯದು, ಬೇಸಿಗೆಯ ಮೊದಲ ಮಳೆಗೆ ಮುಂಚೆ ಮೇಲೆ ಮೂರು ಕೈ ತೆಳು ಸುಣ್ಣ.